ಲಕ್ಷ್ಮಿಯ ಹಿಂದಿನ ಡಿಸೆಂಬರ್

ಎರಡು ಸಲ ಸೋಪು ಹಾಕಿ ಒಗೆದರೂ ನನ್ನ ಅಂಗಿಯಿಂದ ಬಾವಲಿಯ ವಾಸನೆ ಹೋಗಿಲ್ಲ. ಪಾಳುಮನೆಯೊಳಗೆ ಒಂದರ್ಧ ಗಂಟೆ ಕೂತು ಬಂದವರಾದರೆ ನಿಮಗೂ ಆ ವಾಸನೆಯ ಪರಿಚಯ ಇರುತ್ತದೆ. ನನ್ನ ಹೆಂಡತಿಗಂತೂ ಈಚೆಗೆ ಚೆನ್ನಾಗಿಯೇ ಪರಿಚಯವಾಗಿದೆ. "ಇನ್ನೊಂದ್ ಸಲ ಆ ಮನೆಗೋದ್ರೆ ಅಲ್ಲೇ ಇದ್ಬುಡಿ. ಬಾವಲಿಗಳೇ ಅಡಿಗೆ ಮಾಡಾಕ್ತವೆ" ಎಂದು ಅಂಗಿಯನ್ನು ಇವತ್ತು ಬೆಳಿಗ್ಗೆ ಮೂರನೆಯ ಸಲ ನೆನೆಹಾಕಿದ್ದಾಳೆ.

ಆ ಮನೆ ಇರುವುದು ಗುಬ್ಬಿಯಿಂದ ಆಚೆ, ನಮ್ಮ ತೆಂಗಿನ ತೋಟದ ಮೂಲೆಯಲ್ಲಿ. ತಾತ ಕಟ್ಟಿಸಿದ ಪುಟ್ಟ ಹೆಂಚಿನ ಮನೆ. ನಾನು ಹುಟ್ಟುವುದಕ್ಕೆ ಮೊದಲೇ ಖಾಲಿಯಾಗಿತ್ತು. ಈಗ ಅದನ್ನು ಕೆಡವಿ ಕೊಬ್ಬರಿ ತುಂಬುವುದಕ್ಕೆ ಶೆಡ್ ಹಾಕಬೇಕೆಂದು ಅಣ್ಣತಮ್ಮಂದಿರೆಲ್ಲ ತೀರ್ಮಾನ ಮಾಡಿದರು. ಕೆಡವುವ ಮೊದಲು ಮನೆಯ ಚರಿತ್ರೆಯನ್ನು ಯಾರಾದರೂ ಬರೆದು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಲಿ ಎಂದಾಗ ಎಲ್ಲರೂ ನನ್ನ ಕಡೆ ನೋಡಿದರು. ನೋಂದಣಿ ಕಚೇರಿಯಲ್ಲಿ ಗುಮಾಸ್ತನಾಗಿದ್ದು, ಊರವರ ಮನೆಗಳ ಪತ್ರ ನೋಡಿಕೊಂಡೇ ಸಂಬಳ ತಿಂದವನು ನಾನು. ನಿವೃತ್ತಿಯಾದ ಮೇಲೆ ನನ್ನನ್ನು ಯಾರೂ ಯಾವುದಕ್ಕೂ ಕರೆದಿರಲಿಲ್ಲವಾದ್ದರಿಂದ ತಕ್ಷಣ ಒಪ್ಪಿಕೊಂಡೆ.

ಮನೆ ಏಕೆ ಖಾಲಿಯಾಯಿತು ಎಂಬುದು ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ನಮ್ಮ ಕಡೆ ಒಂದು ಪದ್ಧತಿ ಇದೆ. ಕೆಲವು ನಕ್ಷತ್ರಗಳಲ್ಲಿ ಪ್ರಾಣ ಹೋದರೆ ಮನೆಗೆ ದೋಷ ತಟ್ಟುತ್ತದೆ. ಧನಿಷ್ಠೆಯಾದರೆ ಆರು ತಿಂಗಳು ಮನೆ ಬಿಡಬೇಕು. ಬೀಗ ಹಾಕಿ, ಬಾಗಿಲಿಗೆ ಜಾಲಿಮುಳ್ಳು ಅಡ್ಡ ಇಟ್ಟು ಹೊರಡುತ್ತಾರೆ. ಅವಧಿ ಮುಗಿದ ಮೇಲೆ ಶಾಂತಿ ಮಾಡಿಸಿ ಒಳಗೆ ಬರುತ್ತಾರೆ. ತಾತ ಹೋದದ್ದು ಧನಿಷ್ಠೆಯಲ್ಲಿ. ಮನೆಮಂದಿ ತುಮಕೂರಿನಲ್ಲಿ ಬಾಡಿಗೆ ಮನೆ ಹಿಡಿದರು. ಆರು ತಿಂಗಳು ಕಳೆಯಿತು, ಶಾಂತಿ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ದೊಡ್ಡಪ್ಪನಿಗೆ ಕೊಬ್ಬರಿ ಮಂಡಿಯಲ್ಲಿ ಕೆಲಸ ಸಿಕ್ಕಿತು, ದೊಡ್ಡಮ್ಮ ಟೀಚರ್ ಟ್ರೈನಿಂಗಿಗೆ ಸೇರಿದರು. ಅತ್ತ ಮಂಗಗಳು ಹೆಂಚು ಕಿತ್ತವು.

ಈ ಬಾಯಿಪಾಠದಲ್ಲಿ ಇನ್ನೊಂದು ಸಾಲು ಇತ್ತು. ದೊಡ್ಡಮ್ಮ ಸೊಸೆಯಾಗಿ ಬಂದು ಆಗ ಬರೀ ಒಂದು ತಿಂಗಳು. ಮಾವನೂ ಹೋದ, ಮನೆಯೂ ಹೋಯಿತು. ಎಲ್ಲ ಅವರ ಕಾಲ್ಗುಣ. ನಾನು ಚಿಕ್ಕವನಿದ್ದಾಗ ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ಅಜ್ಜಿ, "ನೀನು ಹಿತ್ಲಿಗೋಗಮ್ಮ" ಎನ್ನುತ್ತಿದ್ದರು. ದೊಡ್ಡಮ್ಮ ಹೋಗುತ್ತಿದ್ದರು. ಬೆಳ್ಳಾವಿಯ ಸ್ಕೂಲಿನಲ್ಲಿ ಐವತ್ತು ಮಕ್ಕಳನ್ನು ಕಣ್ಣಲ್ಲೇ ಕೂರಿಸುತ್ತಿದ್ದ ಹೆಂಗಸು, ನಾನು ಪರೀಕ್ಷೆಗೆ ಹೊರಟ ದಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸುಮ್ಮನೆ ನಿಂತಿದ್ದರು. ಇದು ತಪ್ಪು ಎಂದು ಆಗ ನನಗೆ ಅನ್ನಿಸಲೇ ಇಲ್ಲ.

ಇರಲಿ, ಸಂಶೋಧನೆಗೆ ಬರೋಣ. ಟಾರ್ಚು, ನೋಟ್‌ಬುಕ್ಕು ಹಿಡಿದು ಮನೆಯೊಳಗೆ ಹೋದ ನನಗೆ ದೊರೆತದ್ದು ಮುರಿದ ಒರಳು, ಗೋಡೆಯಲ್ಲೊಂದು ಮೊಳೆ, ಮತ್ತು ಮೇಲೆ ಹೇಳಿದ ವಾಸನೆ. ಹಾಗಾಗಿ ಕುಣಿಗಲ್ಲಿಗೆ ಹೋದೆ. ಅಲ್ಲಿ ನಮ್ಮ ಸೋದರತ್ತೆ, ಎಂದರೆ ತಾತನ ಮಗಳು, ಇದ್ದಾರೆ. ಅವರ ನಡುಮನೆಯಲ್ಲಿ ಹಾರ ಹಾಕಿದ ತಾತನ ಫೋಟೋ, ಅದರ ಕೆಳಗೆ ಅವರು ಹೋದ ತಾರೀಖು, ಇಸವಿ. ಡಿಸೆಂಬರ್ ತಿಂಗಳು.

"ಅವ್ಳ್ ಕಾಲಿಟ್ಟ ಗಳಿಗೆ ಕಣೋ" ಎಂದು ಅತ್ತೆ ಶುರುಮಾಡಿದರು. "ತಿಂಗ್ಳಿಗೇ ಅಪ್ಪಯ್ಯನ್ನ ನುಂಗ್ಕೊಂಡ್ಳು. ಇದ್ನೂ ಬರ್ಕೋ."

ನಾನು ತಾರೀಖನ್ನು ಮಾತ್ರ ಬರೆದುಕೊಂಡೆ. ಗುಮಾಸ್ತನ ಚಟ ನೋಡಿ, ಎಲ್ಲವನ್ನೂ ತಾಳೆ ಹಾಕದಿದ್ದರೆ ನನಗೆ ಊಟ ಸೇರುವುದಿಲ್ಲ. ಅದೇ ಬೀದಿಯ ಜೋಯಿಸರು ತಮ್ಮ ಅಪ್ಪನ ಕಾಲದ ಪಂಚಾಂಗದ ಕಟ್ಟು ಬಿಚ್ಚಿ ನೋಡಿ, "ಧನಿಷ್ಠೆ ಎಲ್ಲಿಂದ ಬಂತ್ರೀ? ಅವತ್ತು ಪೂರ್ತಿ ಆರಿದ್ರಾ. ದೋಷಾನೇ ಇಲ್ಲ. ಮನೆ ಯಾಕ್ ಬಿಟ್ರಿ?" ಎಂದರು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ನಾನು ಎಷ್ಟು ಉಬ್ಬಿದ್ದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ದೋಷವೇ ಇಲ್ಲದ ಮೇಲೆ ಕಾಲ್ಗುಣ ಎಲ್ಲಿಯದು? ಅರವತ್ತು ಚಿಲ್ಲರೆ ವರ್ಷ ಹೊತ್ತ ಅಪವಾದವನ್ನು ದೊಡ್ಡಮ್ಮನ ತಲೆಯಿಂದ ನಾನು ಇಳಿಸಿಬಿಡುತ್ತೇನೆ ಎಂದುಕೊಂಡು ಸೀದಾ ಅವರಿರುವಲ್ಲಿಗೆ ಹೋದೆ.

ದೊಡ್ಡಮ್ಮ ಮಗಳ ಮನೆಯ ವರಾಂಡದಲ್ಲಿ ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ನನ್ನ ವರದಿಯನ್ನು ಪೂರ್ತಿ ಕೇಳಿದರು. ಕೈ ನಿಲ್ಲಲಿಲ್ಲ.

"ನಂಗೊತ್ತು ಕಣೋ" ಎಂದರು. "ನಕ್ಷತ್ರ ನೋಡ್ದೋಳು ನಾನೇ."

ಆ ಮನೆಯಲ್ಲಿ ಆಗ ಸರಿಯಾಗಿ ಓದು ಬರುತ್ತಿದ್ದದ್ದು ಹೊಸ ಸೊಸೆಗೆ ಒಬ್ಬಳಿಗೇ. ತಾತನ ಉಸಿರು ನಿಂತ ಕೂಡಲೇ ಮನೆಯವರು, ಕ್ಯಾಲೆಂಡರಿನಲ್ಲಿ ನಕ್ಷತ್ರ ನೋಡಮ್ಮ ಎಂದರು. ಅಜ್ಜಿಗೆ ಹಿಂದಿನ ವರ್ಷದ ಕ್ಯಾಲೆಂಡರಿನ ಲಕ್ಷ್ಮೀಪಟ ಬಹಳ ಇಷ್ಟವಾಗಿ, ಅದನ್ನೇ ಮುಂದೆ ಉಳಿಸಿಕೊಂಡು ಹೊಸದನ್ನು ಅದೇ ಮೊಳೆಗೆ ಹಿಂದೆ ತಗುಲಿಹಾಕಿದ್ದರು. ಬೇಕಾದಾಗ ಲಕ್ಷ್ಮಿಯನ್ನು ಎತ್ತಿ ಹಿಂದಿನದನ್ನು ನೋಡುವುದು ಆ ಮನೆಯ ರೂಢಿ. ತಿಂಗಳ ಕೆಳಗೆ ಬಂದ ಹುಡುಗಿಗೆ ಅದನ್ನು ಯಾರೂ ಹೇಳಿರಲಿಲ್ಲ. ಮುಗಿದ ವರ್ಷದ ಕ್ಯಾಲೆಂಡರು ಡಿಸೆಂಬರಿನಲ್ಲೇ ನಿಂತಿರುತ್ತದೆ. ತಾತ ಹೋದದ್ದೂ ಡಿಸೆಂಬರಿನಲ್ಲಿ. ದೊಡ್ಡಮ್ಮ ಲಕ್ಷ್ಮಿಯ ಕೆಳಗಿದ್ದ ಹಳೆಯ ವರ್ಷದ ತಾರೀಖು ನೋಡಿ, ಧನಿಷ್ಠೆ ಎಂದು ಓದಿದರು. ಓದಿದ ಹುಡುಗಿ ನೋಡಿದ್ದಾಳಲ್ಲ ಎಂದು ಆಗಿನ ಊರ ಜೋಯಿಸರೂ ಮತ್ತೆ ನೋಡಲಿಲ್ಲ.

"ತಿಥಿ ಮುಗ್ದು ತುಮ್ಕೂರಿಗೆ ಬಂದ್ಮೇಲೆ ಪಕ್ಕದ್ ಮನೇಲಿ ಕ್ಯಾಲೆಂಡರ್ ನೋಡ್ದೆ. ಆ ತಾರೀಖಿಗೆ ಆರಿದ್ರಾ ಅಂತಿತ್ತು. ಹೇಳ್ಬೇಕು ಅಂತ ಬಂದೆ. ಅಷ್ಟ್ರಲ್ಲಿ ನಿಮ್ ದೊಡ್ಡಪ್ಪ, ಹೆಂಗೂ ಆರ್ ತಿಂಗ್ಳು ಇಲ್ಲೇ ಇರ್ತೀವಲ್ಲ, ಟ್ರೈನಿಂಗಿಗೆ ಅರ್ಜಿ ಹಾಕು ಅಂದ್ರು. ಹೇಳ್ಲಿಲ್ಲ."

"ಕಾಲ್ಗುಣ ಅಂದಾಗ್ಲಾದ್ರೂ ಹೇಳ್ಬೋದಿತ್ತಲ್ಲ ದೊಡ್ಡಮ್ಮ?"

"ಹೇಳಿದ್ರೆ ಮಾರ್ನೇ ದಿನ ಮುಳ್ ತೆಗ್ದು ಒಳಗ್ ಹಾಕೋರು ನನ್ನ. ಅದ್ಕೇ ಅಂದಿದ್ದೆಲ್ಲ ಅನ್ನಿಸ್ಕೊಂಡೆ." ಈಗ ಕೈ ನಿಂತಿತು. "ನಿಮ್ಮಜ್ಜಿ ಕಡೇಗಾಲ್ದಲ್ಲಿ, ನನ್ ಮನೆಗೆ ಕರ್ಕೊಂಡೋಗಮ್ಮ ಅಂದ್ರು. ಆಗ ಹೆಂಚೂ ಇರ್ಲಿಲ್ಲ. ಅದೊಂದು ಮಾತ್ರ ನಂಗೆ ತಡ್ಕೊಳೋಕಾಗಲ್ಲ."

ನಿರಪರಾಧಿ ಎಂಬ ಸರ್ಟಿಫಿಕೇಟು ಹಿಡಿದು ಹೋಗಿದ್ದವನು ನಾನು. ನಾನೂ ಒಂದು ಹಿಡಿ ಕಾಳು ತೆಗೆದುಕೊಂಡು ಹಿಸುಕತೊಡಗಿದೆ. ಆ ಹಿಡಿ ಮುಗಿದ ಮೇಲೆ, "ಇದನ್ನ ಬರೀಲಾ, ಬಿಡ್ಲಾ?" ಎಂದೆ.

"ಬರಿ. ನಾನ್ ಹೋದ್ಮೇಲಲ್ಲ, ಈಗ್ಲೇ ಬರಿ. ಅಂದೋರು ಇನ್ನೂ ಇದಾರೆ, ಓದ್ಲಿ. ಬೈದ್ರೆ ಬೈಲಿ ಬುಡು. ಈ ಸಲನಾದ್ರೂ ನಾನು ಮಾಡಿದ್ದಕ್ಕೆ ಬೈತಾರೆ."

ಇವತ್ತು ಬೆಳಿಗ್ಗೆ ಬರೆದು ಮುಗಿಸಿ ಗ್ರೂಪಿಗೆ ಹಾಕಿದೆ. ಕಾಲು ಗಂಟೆಯಲ್ಲಿ ಕುಣಿಗಲ್ ಅತ್ತೆಯ ಫೋನ್ ಬಂತು. ಮೊಮ್ಮಗಳ ಕೈಯಲ್ಲಿ ಎರಡು ಸಲ ಓದಿಸಿದರಂತೆ.

"ಅವ್ಳ್ ನಂಬರ್ ಕೊಡು" ಎಂದರು.

ಬೈಯುವುದಕ್ಕೋ ಇನ್ನೇತಕ್ಕೋ, ನಾನು ಕೇಳಲಿಲ್ಲ, ಕೊಟ್ಟೆ. ಕೊಟ್ಟ ಮೇಲೆ ಭಯವಾಗಿ ನಾನೇ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಎಂಗೇಜ್ ಬಂತು. ಒಂದು ಗಂಟೆಯಾಯಿತು, ಈಗಲೂ ಎಂಗೇಜ್ ಬರುತ್ತಿದೆ.