ಎರಡರ ಜಾಗದಲ್ಲಿ ನಾಲ್ಕು

ವರ್ನಾಗೆ ಸಿಟ್ಟು ಬಂದರೆ ಇಂಡಿಯಾನಾದ ಆ ಊರಿನ ರೇಸಿನವರೆಲ್ಲ ದಾರಿ ಬಿಟ್ಟು ನಿಲ್ಲುತ್ತಿದ್ದರು. ವಯಸ್ಸು ಅರವತ್ತೊಂದು. ಬೆಳಿಗ್ಗೆ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಊಟ ಬಡಿಸುವುದು, ಮಧ್ಯಾಹ್ನದ ಮೇಲೆ ಗ್ಯಾರೇಜಿನಲ್ಲಿ ಎಂಜಿನ್ ಕಟ್ಟುವುದು. ಅಪ್ಪ ಬಿಟ್ಟುಹೋದ ರೇಸ್ ಕಾರಿಗೆ ಮೂವತ್ತು ವರ್ಷದಿಂದ ಎಂಜಿನ್ ಕಟ್ಟುತ್ತಿದ್ದವಳು ಅವಳೇ. ಓಡಿಸುವವನು, ಗೆದ್ದ ಕಪ್ ಎತ್ತಿ ಹಲ್ಲು ಕಿರಿಯುವವನು ತಮ್ಮ ಡೆಲ್ಬರ್ಟ್. ಇರಲಿ, ಅದು ಹಳೆಯ ಸಿಟ್ಟು.

ಈ ಸಲದ್ದು ಬೇರೆ. ಡೆಲ್ಬರ್ಟನ ಮಗಳು, ಹತ್ತೊಂಬತ್ತು ವರ್ಷದ ಟ್ರಿನಾ, ಶನಿವಾರ ಮೊದಲ ಸಲ ಆ ಕಾರು ಓಡಿಸುವವಳಿದ್ದಳು. ಅವಳಿಗೆಂದೇ ವರ್ನಾ ಗುಜರಿಗೆ ಬಿದ್ದಿದ್ದ ಲಾರಿಯೊಂದರ ದೊಡ್ಡ ಎಂಜಿನ್ ತಂದು, ಬಿಚ್ಚಿ, ತೊಳೆದು, ಎರಡು ತಿಂಗಳು ಅದರ ಮುಂದೆ ಕೂತಿದ್ದಳು. ಎಂಜಿನ್ನಿನ ಹೊಟ್ಟೆಯಲ್ಲಿ ತಿರುಗುವ ದಪ್ಪ ಉಕ್ಕಿನ ಕ್ರ್ಯಾಂಕನ್ನು ಐದು ಕಬ್ಬಿಣದ ಕ್ಯಾಪುಗಳು ಹಿಡಿದಿರುತ್ತವೆ. ಒಂದೊಂದನ್ನೂ ಅದರದರ ಜಾಗದಲ್ಲೇ ಕೂರಿಸಿ ಕೊರೆದಿರುತ್ತಾರೆ. ಒಂದರ ಜಾಗಕ್ಕೆ ಇನ್ನೊಂದು ಆಗಿಬರುವುದಿಲ್ಲ. ಅದಕ್ಕೇ ಅವಳು ಐದಕ್ಕೂ ಒಂದರಿಂದ ಐದರವರೆಗೆ ಚುಕ್ಕೆ ಕುಟ್ಟಿ ಗುರುತು ಮಾಡಿದ್ದಳು.

ಗುರುವಾರ ಶಾಲೆಯಿಂದ ಬಂದು ನೋಡಿದರೆ ಕ್ರ್ಯಾಂಕ್ ಕೂತಿದೆ, ಕ್ಯಾಪುಗಳೆಲ್ಲ ಬಿಗಿದಿವೆ. ಡೆಲ್ಬರ್ಟ್ ಕೈ ಒರೆಸಿಕೊಳ್ಳುತ್ತ ನಿಂತಿದ್ದ.

“ನಿಂಗೆ ಸಹಾಯ ಆಗ್ಲಿ ಅಂತ ಮಾಡ್ದೆ ಅಕ್ಕ.”

ವರ್ನಾ ಕ್ರ್ಯಾಂಕಿಗೆ ಪಾನಾ ಹಾಕಿದಳು. ಒಂದು ಕೈಯಲ್ಲಿ ತಿರುಗಬೇಕಾದದ್ದು ಎರಡು ಕೈ ಹಾಕಿದರೂ ಮಿಸುಕಲಿಲ್ಲ. ಬಗ್ಗಿ ನೋಡಿದಳು. ಎರಡನೆಯ ಜಾಗದಲ್ಲಿ ನಾಲ್ಕು ಚುಕ್ಕೆ.

“ಎರಡು, ನಾಲ್ಕು ಎಣಿಸೋಕೆ ಬರಲ್ವೇನೋ ನಿಂಗೆ?”

“ಬಿಗಿದ್ಮೇಲೆ ಗೊತ್ತಾಯ್ತು. ಉದ್ದ ಪೈಪು ಸಿಕ್ಕಿಸಿ ತಿರುಗಿಸ್ದೆ, ತಿರುಗ್ತು. ಓಡ್ತಾ ಓಡ್ತಾ ಸಡಿಲ ಆಗುತ್ತೆ ಬಿಡು.”

ಗೊತ್ತಿತ್ತು! ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದ. ವರ್ನಾಗೆ ಮೈಯೆಲ್ಲ ಉರಿಯಿತು.

“ಸಡಿಲ ಆಗಲ್ಲ, ಕಚ್ಕೊಂಡು ನಿಂತ್ಬಿಡುತ್ತೆ. ನೂರ ಮೂವತ್ತು ಮೈಲಿ ಸ್ಪೀಡಲ್ಲಿ ಕಚ್ಕೊಂಡ್ರೆ ಹುಡುಗಿ ನೆಟ್ಟಗೆ ಗೋಡೆಗೆ ಹೋಗ್ತಾಳೆ!”

“ಶನಿವಾರ ಓಡುತ್ತೆ ಅಂತ ಊರಿಗೆಲ್ಲ ಹೇಳಿದೀನಿ. ನನ್ನ ಮಾನ ಕಳೀಬೇಡ. ಎಂಜಿನ್ ಕಟ್ಟೋದು ನಿನ್ನ ಕೆಲ್ಸ, ಓಟ ನಂಗೆ ಬಿಡು.”

ಅವಳು ಬೋಲ್ಟುಗಳನ್ನೆಲ್ಲ ಬಿಚ್ಚಿದಳು. ಕ್ಯಾಪಿನೊಳಗೆ ಕ್ರ್ಯಾಂಕಿಗೆ ಒತ್ತಿಕೊಂಡಿರುವ ಬೇರಿಂಗಿನ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು. ಹೊಸದು ಬರುವುದೇನಿದ್ದರೂ ಓಟ ಮುಗಿದ ಮೇಲೆ, ಸೋಮವಾರ. ಐದೂ ಕ್ಯಾಪುಗಳನ್ನು ತನ್ನ ಊಟದ ಚೀಲಕ್ಕೆ ಹಾಕಿಕೊಂಡಳು. ಇನ್ನು ಅವನು ಅಪ್ಪನಾಣೆ ಹಾಕಿದರೂ ಎಂಜಿನ್ ಕೂಡಿಸಲಾರ.

ಅಷ್ಟರಲ್ಲಿ ಟ್ರಿನಾ ಬಂದಳು, ಹೊಸ ರೇಸಿನ ಅಂಗಿ ತೊಟ್ಟು, ಎದೆಯ ಮೇಲೆ ಹೆಸರು ಹೊಲಿಸಿಕೊಂಡು.

“ನೋಡಮ್ಮ, ನಿಮ್ಮತ್ತೆ ನಿನ್ನ ರೇಸು ಕೆಡಿಸ್ತಿದಾಳೆ,” ಎಂದ ಡೆಲ್ಬರ್ಟ್.

ಹುಡುಗಿಯ ಕಣ್ಣು ತುಂಬಿತು. “ಯಾಕತ್ತೆ?”

ವರ್ನಾ ತಮ್ಮನತ್ತ ತಿರುಗಿದಳು. “ಎರಡರ ಜಾಗಕ್ಕೆ ನಾಲ್ಕು ಬಿಗಿದಿದೀನಿ ಅಂತ ಗೊತ್ತಿತ್ತಲ್ಲ, ಆ ಎಂಜಿನ್ ಹಿಂದೆ ನೀನು ಕೂತು ಓಡಿಸ್ತಿದ್ಯೇನೋ? ಹೇಳು ಅವಳಿಗೆ.”

ಡೆಲ್ಬರ್ಟ್ ಒರೆಸಿಕೊಂಡಿದ್ದ ಕೈಯನ್ನೇ ಮತ್ತೆ ಒರೆಸಿಕೊಳ್ಳತೊಡಗಿದ.

ಟ್ರಿನಾ ಅಪ್ಪನ ಮುಖವನ್ನು ನೋಡುತ್ತಲೇ ನಿಂತಳು. ಆಮೇಲೆ ಅಂಗಿಯ ಜಿಪ್ಪನ್ನು ನಿಧಾನವಾಗಿ ಕೆಳಗೆಳೆದಳು. ಈ ಪ್ರಶ್ನೆಯನ್ನು ಮಗುವಿನ ಎದುರಿಗೆ ಕೇಳಬಾರದಿತ್ತು ಎಂದು ವರ್ನಾಗೆ ಆಗ ಅನ್ನಿಸಿತು. ಕೇಳುವ ಹಾಗೆ ಮಾಡಿದನಲ್ಲ ಎಂದು ತಮ್ಮನ ಮೇಲಿನ ಸಿಟ್ಟು ಇಮ್ಮಡಿಯಾಯಿತು.