ಅಳತೆ ಕೂಗಿದ ದಿನ

ಚಂಡಮಾರುತ ಬಡಿದದ್ದು ದೂರದ ಕರಾವಳಿಗೆ. ಹಿಂದೂಪುರದಲ್ಲಿ ಅವತ್ತು ಒಂದು ಎಲೆಯೂ ಅಲುಗಿರಲಿಲ್ಲ. ಆದರೂ ಆರು ತಿಂಗಳು ಕಳೆದು, ಬೇಸಿಗೆ ರಜದ ಮೊದಲ ವಾರ, ಎರಡು ತಗಡಿನ ಟ್ರಂಕುಗಳ ಜೊತೆ ಇಬ್ಬರು ಹುಡುಗಿಯರು ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನ ಮುಂದೆ ಇಳಿದರು. ಇಬ್ಬರೂ ತೆಲುಗಿನವರು, ಡಾಕ್ಟರಿ ಓದು ಮುಗಿಸಿ ಸಂಶೋಧನೆಯ ತರಬೇತಿಗೆ ಸೇರಿದ್ದವರು. ಅವರ ಪ್ರಯೋಗಶಾಲೆಯಲ್ಲಿ ಸಮುದ್ರದ ನೀರು ದಿನಗಟ್ಟಲೆ ನಿಂತು, ಸೀಸೆಗಳು, ಗಾಜಿನ ತುಣುಕುಗಳು, ಬರೆದಿಟ್ಟ ಪುಸ್ತಕಗಳು ಎಲ್ಲ ಕೆಸರಾಗಿದ್ದವು. ಅವರ ಪ್ರೊಫೆಸರು ನಮ್ಮ ಹೆಡ್‌ಮಿಸ್ಟ್ರೆಸ್ಸರಿಗೆ ಪರಿಚಯದವರು. ನಾರುಹುಳದ ಕಾಯಿಲೆ ನಿಮ್ಮ ಕಡೆ ಬೇಕಾದಷ್ಟಿದೆ, ರಜ ಮುಗಿಯುವವರೆಗೆ ಕೂರಲು ಒಂದು ಕೋಣೆ, ಒಂದು ಮೈಕ್ರೋಸ್ಕೋಪು, ಜನರ ಮಾತು ಬಲ್ಲ ಒಬ್ಬರನ್ನು ಕೊಡಿ ಎಂದು ಬರೆದಿದ್ದರು. ಹೆಡ್‌ಮಿಸ್ಟ್ರೆಸ್ಸು ಮೂರನ್ನೂ ಕೊಟ್ಟರು. ಮೂರನೆಯದು ನಾನು.

ನಾನು ಅಲ್ಲಿ ವಿಜ್ಞಾನದ ಟೀಚರು. ಇಪ್ಪತ್ತಮೂರು ವರ್ಷ. ಬೆಂಗಳೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತರೆ ಪರವೋ ವಿರೋಧವೋ ಎಂದು ಕೇಳುವುದನ್ನೂ ಬಿಟ್ಟಿದ್ದವಳು. ಯಾವ ಕಡೆ ಕೊಟ್ಟರೂ ಗೆಲ್ಲುತ್ತಿದ್ದೆ. ಹಿಂದೂಪುರದಲ್ಲಿ ಮಾತ್ರ ಎದುರಾಳಿಗಳು ಸಿಗಲಿಲ್ಲ. ಬಾಡಿಗೆ ಕೋಣೆಯ ಮನೆಯೊಡತಿ ರಾಹುಕಾಲದ ಮಾತೆತ್ತಿದಾಗ ಅರ್ಧ ಗಂಟೆ ವಾದ ಮಾಡಿದೆ. ಅಂದಿನಿಂದ ಆಕೆ ಸಾರಿನ ಬಟ್ಟಲನ್ನು ಹೊಸಿಲ ಮೇಲಿಟ್ಟು ಹೋಗುತ್ತಿದ್ದಳು. ನನ್ನ ಜೊತೆ ಒಮ್ಮೆ ಮಾತಿಗೆ ಕೂತವರು ಎರಡನೆಯ ಸಲ ಕೂರುತ್ತಿರಲಿಲ್ಲ. ಅದನ್ನು ನಾನು ಅವರ ಸೋಲೆಂದೇ ತಿಳಿದಿದ್ದೆ.

ಹಾಗಾಗಿ ಆ ಇಬ್ಬರು ಬಂದದ್ದರಿಂದ ನನಗೆ ಎಷ್ಟು ಖುಷಿಯಾಯಿತೆಂದರೆ, ಅದನ್ನು ತೋರಿಸಿಕೊಳ್ಳದಿರಲು ಮೊದಲ ದಿನ ಸ್ವಲ್ಪ ಒರಟಾಗಿಯೇ ನಡೆದುಕೊಂಡೆ.

ಇಬ್ಬರಲ್ಲಿ ದೊಡ್ಡವಳ ಕೆಲಸ ಸುಲಭದ್ದು. ಅವಳ ಬರಹವೆಲ್ಲ ತವರಿನಲ್ಲಿದ್ದು ಉಳಿದಿತ್ತು. ಮೆಟ್ಟಿಲುಬಾವಿಗಳಿಂದ ತರಿಸಿದ ನೀರಿನಲ್ಲಿ ಕಾಯಿಲೆ ಹೊತ್ತ ಸಣ್ಣ ಜೀವಿಗಳನ್ನು ಹುಡುಕುತ್ತ ಅವಳು ಹಿಂದೂಪುರದಲ್ಲೇ ಕೂತಳು. ಚಿಕ್ಕವಳದು ಒಂದು ಹಾಳೆಯೂ ಉಳಿದಿರಲಿಲ್ಲ. ಒಬ್ಬ ರೋಗಿಯ ಮೈಯಿಂದ ಹುಳ ತಲೆ ಹಾಕಿದ ದಿನದಿಂದ ಪೂರ್ತಿ ಹೊರಗೆ ಬರುವವರೆಗೆ, ದಿನಕ್ಕೆ ಎಷ್ಟು ಬಂತೆಂದು ಅವಳು ಅಳೆದು ಬರೆಯಬೇಕಿತ್ತು. ಒಬ್ಬರದಾದರೂ ಸಾಕು, ಆದರೆ ಒಂದು ದಿನವೂ ತಪ್ಪಬಾರದು. ಅದು ಜೂನಿನೊಳಗೆ ಪ್ರೊಫೆಸರ ಕೈ ಸೇರದಿದ್ದರೆ ಅವಳ ಜಾಗ ಬೇರೆಯವರಿಗೆ.

ನಾನೂ ಚಿಕ್ಕವಳೂ ಕಲ್ಯಾಣದುರ್ಗಕ್ಕೆ ಹೋಗಿ ನನ್ನ ಚಿಕ್ಕಮ್ಮನ ಮನೆಯಲ್ಲಿ ಇಳಿದೆವು. ನಾನು ಹುಟ್ಟಿದ ಊರು ಅದು. ಅಲ್ಲಿಂದ ಕಂಬದೂರು ದಾರಿಯಲ್ಲಿ ಕನ್ನಡ ಮನೆಮಾತಿನ ಒಂದು ಹಳ್ಳಿ; ಊರಿಗೆಲ್ಲ ಒಂದೇ ಮೆಟ್ಟಿಲುಬಾವಿ. ಹುಣ್ಣಿನ ಕಾಲನ್ನು ಇಳಿಬಿಟ್ಟು ಕೂತವನ ಪಕ್ಕದಲ್ಲೇ ಕೊಡ ಮುಳುಗಿಸುವ ಜನ. ಕುಡಿದ ನೀರಿನ ಹುಳ ವರ್ಷ ಕಳೆದು ಕಾಲಿನಿಂದ ದಾರದ ಹಾಗೆ ಹೊರಗೆ ಬರುತ್ತದೆ. ಎಳೆದರೆ ತುಂಡಾಗುತ್ತದೆ, ತುಂಡಾದರೆ ಕಾಲು ಬಾತು ಕೀವು ತುಂಬುತ್ತದೆ. ಅದಕ್ಕೇ ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಸುತ್ತು ಮಾತ್ರ ತೆಗೆಯುವುದು. ಆ ಊರಲ್ಲಿ ಸುತ್ತುವವಳು ಒಬ್ಬ ಅಜ್ಜಿ. ಚಿಕ್ಕವಳು ಅವಳ ಬೆರಳುಗಳನ್ನು ನೋಡಿ, ನಮ್ಮ ಸರ್ಜನ್ನರಿಗೂ ಇಷ್ಟು ತಾಳ್ಮೆ ಇಲ್ಲ ಅಂದಳು.

ಎರಡು ವಾರ ಕಾದ ಮೇಲೆ ಒಬ್ಬ ಸಿಕ್ಕಿದ; ಕಂಬಳಿ ನೇಯುವ ಆ ಯುವಕನ ಹಿಮ್ಮಡಿಯಲ್ಲಿ ಆಗತಾನೆ ಹುಳ ತಲೆ ಹಾಕಿತ್ತು. ಅವನನ್ನೇ ಹಿಡಿದೆವು. ಚಿಕ್ಕವಳು ದಿನವೂ ಹುಣ್ಣು ತೊಳೆದು ಪಟ್ಟಿ ಕಟ್ಟುತ್ತಿದ್ದಳು, ಅಜ್ಜಿ ಸುತ್ತುತ್ತಿದ್ದಳು. ಎಲ್ಲ ಸರಿ, ಅಳತೆಯೊಂದು ಬಿಟ್ಟು. ಟೇಪು ತೆಗೆದರೆ ಅಜ್ಜಿ ಕೈ ಅಡ್ಡ ಹಿಡಿಯುತ್ತಿದ್ದಳು. ಹುಳದ ಮುಂದೆ ಅಳತೆ ಆಡಬಾರದಂತೆ. ಆಡಿದರೆ ಅದು ಕೇಳಿಸಿಕೊಂಡು ತುಂಡಾಗುತ್ತದಂತೆ. ಚಿಕ್ಕವಳು ಕಣ್ಣಂದಾಜಿನಲ್ಲಿ ಬರೆದುಕೊಂಡು, "ಇದನ್ನು ಸಾರ್ ಒಪ್ಪೋದಿಲ್ಲ ಅಕ್ಕಾ" ಎಂದು ತೆಲುಗಿನಲ್ಲಿ ಹೇಳಿ ನನ್ನ ಕಡೆ ನೋಡಿದಳು.

ನನಗೆ ಬೇಕಾಗಿದ್ದುದೇ ಅದು.

ಐದನೆಯ ದಿನ ಬೆಳಿಗ್ಗೆ, ಬಾವಿಯ ಕಟ್ಟೆಯ ಮೇಲೆ ಹತ್ತಾರು ಜನ ಸೇರಿದ್ದಾಗ ನಾನು ಶುರು ಮಾಡಿದೆ.

"ಅಜ್ಜಿ, ಹುಳಕ್ಕೆ ಕಿವಿ ಎಲ್ಲಿದೆ ತೋರಿಸು. ಮೈಕ್ರೋಸ್ಕೋಪಿನಲ್ಲಿ ನಾನೇ ನೋಡಿದ್ದೀನಿ, ಇಲ್ಲ."

"ನಂಗೇನು ಗೊತ್ತು ಕಣಮ್ಮ. ನಮ್ಮತ್ತೆ ಹೇಳಿದ್ಲು, ನಾನು ಹೇಳ್ತೀನಿ."

"ನಿಮ್ಮತ್ತೆಗೆ ಯಾರು ಹೇಳಿದ್ರು? ಹುಳಾನೇ ಬಂದು ಹೇಳಿತಾ?"

ಜನ ನಕ್ಕರು. ಕೊಡ ಹೊತ್ತವಳೊಬ್ಬಳು, "ಏನಜ್ಜೀ, ಮೇಡಮ್ಮೋರು ನಿನ್ನ ಬಾಯಿ ಮುಚ್ಚಿಸ್ಬುಟ್ರಲ್ಲ!" ಎಂದು ಕೂಗಿದಳು. ನಾನು ಇನ್ನೂ ಏರಿದೆ. ಅಳತೆ ಹೇಳದೆ ಇದ್ದಾಗ ಎಂದೂ ತುಂಡಾಗಿಲ್ಲವೇ? ಆಗಿದೆ. ಹಾಗಾದರೆ ಮೌನ ಕಾಪಾಡುವುದಿಲ್ಲ. ಹುಳಕ್ಕೆ ಕನ್ನಡ ಬರುತ್ತದೆಯೋ ತೆಲುಗೋ? ಕಡ್ಡಿಯನ್ನು ಹಿಡಿದ ಅಜ್ಜಿಯ ಕೈ ನಿಂತಿತು. ನಾನು ಟೇಪು ಇಟ್ಟು ಅಳೆದು, ವೇದಿಕೆಯ ಮೇಲಿನ ದನಿಯಲ್ಲಿ ಎಲ್ಲರಿಗೂ ಕೇಳುವಂತೆ ಕೂಗಿದೆ: "ಇವತ್ತಿಗೆ ಒಂಬತ್ತು ಅಂಗುಲ! ಇನ್ನು ಎರಡು ಅಡಿ ಇರಬಹುದು!" ಯುವಕನೂ ನಕ್ಕ. ಆ ನಗೆ ಬೇಗ ನಿಂತದ್ದನ್ನು ನಾನು ನೋಡಿದೆ, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮರುದಿನ ಹೋದಾಗ ಅವನ ಕಾಲು ಮೊಣಕಾಲಿನವರೆಗೆ ಬಾತಿತ್ತು. ಮಗ್ಗದ ಮುಂದೆ ಒಬ್ಬನೇ ಕೂತಿದ್ದಾಗ ತಾನೇ ಎಳೆದಿದ್ದ. ಹುಳ ತುಂಡಾಗಿ ಉಳಿದದ್ದು ಒಳಗೆ ಸೇರಿತ್ತು. ಚಿಕ್ಕವಳು ಗಾಡಿ ಕಟ್ಟಿಸಿ ಅವನನ್ನು ಕಲ್ಯಾಣದುರ್ಗದ ಆಸ್ಪತ್ರೆಗೆ ಕರೆದೊಯ್ದಳು. ಅವನು ಉಳಿದ, ಕಾಲೂ ಉಳಿಯಿತು. ಆದರೆ ಹಳ್ಳಿಯ ಒಂದೊಂದು ಬಾಗಿಲೂ ನಮಗೆ ಮುಚ್ಚಿತು. ಮೇಡಮ್ಮ ಅಳತೆ ಕೂಗಿದಳು, ಹುಳ ತುಂಡಾಯಿತು. ಅವರ ಕಡೆಯಿಂದ ನೋಡಿದರೆ ಪ್ರಯೋಗ ನಾನೇ ಮಾಡಿ ತೋರಿಸಿದ್ದೆ. ರಜದ ಮೂರು ವಾರ ಮಾತ್ರ ಉಳಿದಿತ್ತು. ಅವತ್ತು ಸಂಜೆ ಚಿಕ್ಕವಳು ಐದು ದಿನದ ಹಾಳೆಯನ್ನು ಮಡಚಿ ಟ್ರಂಕಿನ ತಳಕ್ಕಿಟ್ಟಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಎರಡು ದಿನ ಬಿಟ್ಟು ನಾನೊಬ್ಬಳೇ ಅಜ್ಜಿಯ ಮನೆಗೆ ಹೋದೆ. ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೂರು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.

"ತಪ್ಪಾಯ್ತು ಅಜ್ಜಿ" ಅಂದೆ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. "ಆದರೆ ಹುಳ ಕೇಳಿಸಿಕೊಂಡು ತುಂಡಾಗಲಿಲ್ಲ. ಅವನು ಎಳೆದ, ತುಂಡಾಯ್ತು."

ಅಜ್ಜಿ ತಲೆ ಎತ್ತಿದಳು. "ಹುಳಕ್ಕೆ ಕಿವಿ ಇಲ್ಲ ಅಂತ ನಂಗೊತ್ತಿಲ್ವೇನೇ? ಅವನಿಗಿದ್ವಲ್ಲ ಕಿವಿ."

ಅವಳು ಇನ್ನೊಂದು ಹುಣಸೆಹಣ್ಣು ಕೈಗೆತ್ತಿಕೊಂಡಳು.

"ಎಷ್ಟು ಬಂತು ಅಂದ್ರೆ, ಇನ್ನೆಷ್ಟು ಐತೆ ಅಂತಾನೆ. ಎರಡಡಿ ಅಂದ್ರೆ, ಅಯ್ಯೋ ಇನ್ನೆಷ್ಟು ದಿನ ಅಂತಾನೆ. ಆಮ್ಯಾಕೆ ಕೈ ಸುಮ್ಕಿರ್ತದಾ? ಎಳೀತಾನೆ. ಎಳೀಬ್ಯಾಡ ಅಂದ್ರೆ ಯಾವನು ಕೇಳ್ತಾನೆ ಕಣಮ್ಮ, ಹುಳ ಕೇಳಿಸ್ಕಂತದೆ ಅಂದ್ರೆ ಕೇಳ್ತಾನೆ."

"ಅವತ್ತು ಬಾವಿ ಹತ್ತಿರ ಇದನ್ನೇ ಹೇಳಬಹುದಿತ್ತಲ್ಲ ಅಜ್ಜಿ?"

"ಅವನ ಮುಂದೇನಾ? ನೀನು ಓದಿರೋಳು, ಒಸಿ ಯೋಚ್ನೆ ಮಾಡು."

ಯೋಚಿಸಿದೆ. ನಿಜ ಹೇಳಿದರೆ ಅವನ ಹೆದರಿಕೆಯೇ ಹೋಗುತ್ತಿತ್ತು; ಅವನೆದುರು ಅವಳು ಗೆಲ್ಲಬಹುದಾದ ಮಾತು ಒಂದೂ ಇರಲಿಲ್ಲ. ಗೊತ್ತಿದ್ದೇ ಸೋತು ಕೂತಿದ್ದಳು.

ಚಿಕ್ಕವಳ ವಿಷಯ ಹೇಳಿದೆ. ಸಮುದ್ರದ ನೀರು, ಕೆಸರಾದ ಪುಸ್ತಕಗಳು, ಜೂನು, ಕೈತಪ್ಪುವ ಜಾಗ. ಮೊದಲ ಸಲ ಯಾವ ವಾದವೂ ಇಲ್ಲದೆ ಬರಿದೇ ಹೇಳಿದೆ. ಅಜ್ಜಿ ಬಹಳ ಹೊತ್ತು ಬೀಜ ಬಿಡಿಸಿದಳು. ಆಮೇಲೆ ಎದ್ದು ಒಳಗಿನಿಂದ ನೂಲಿನ ಉಂಡೆ ತಂದಳು.

"ನಮ್ಮ ಸೊಸೆಗೂ ಬಂದೈತೆ, ಕಾಲ್ಬೆರಳ ಸಂದೀಲಿ. ನಿನ್ನೆ ತಲೆ ಹಾಕ್ತು, ಇನ್ನೂ ಸುತ್ತಿಲ್ಲ. ನಿಮ್ಗೆ ಹೆದ್ರಿ ಮುಚ್ಚಿಟ್ಟಿದ್ವಿ. ದಿನಾ ಎಷ್ಟು ಬತ್ತದೋ ಅಷ್ಟುದ್ದ ನೂಲು ಕಿತ್ತು ಕೊಡ್ತೀನಿ. ಮನೆಗೆ ಹೋಗಿ ಅಳ್ಕಳ್ಳಿ. ಇಲ್ಲಿ ಯಾರೂ ಬಾಯಿ ಬಿಡಂಗಿಲ್ಲ."

"ಆಗಲಿ ಅಜ್ಜಿ. ನಾಳೆ ಇಬ್ಬರೂ ಬರ್ತೀವಿ."

"ಆ ಚಿಕ್ಕ ಡಾಕ್ಟ್ರಮ್ಮನ್ನ ಕಳ್ಸು. ನೀನು ಬರ್ಬ್ಯಾಡ."

"ಅವಳಿಗೆ ಕನ್ನಡ ಬರಲ್ಲ."

"ನಂಗೆ ತೆಲುಗು ಬರ್ತದೆ" ಅಂದಳು ಅಜ್ಜಿ.

ಈ ಕಡೆ ತೆಲುಗು ಬಾರದವರು ಯಾರಿದ್ದಾರೆ? ಮೈಯ ನೋವನ್ನು ಮನೆಯ ಮಾತಿನಲ್ಲೇ ಹೇಳಿಕೊಳ್ಳುತ್ತಾರೆ, ಅದಕ್ಕೆ ನಾನು ಬೇಕೇಬೇಕು ಎಂದು ಅಲ್ಲಿಯವರೆಗೆ ನಂಬಿಕೊಂಡಿದ್ದೆ. ಅದಕ್ಕೆ ನನ್ನ ಬಳಿ ಪುರಾವೆ ಏನಿತ್ತು?

ಚಿಕ್ಕವಳು ಅಜ್ಜಿಯ ಮನೆಯಲ್ಲೇ ಉಳಿದಳು; ಅಲ್ಲಿ ಅಳೆಯುವಂತಿರಲಿಲ್ಲ, ಹಾಗಾಗಿ ನೂಲನ್ನು ನನಗೆ ಕಳಿಸುವುದೆಂದಾಯಿತು. ಹಿಂದೂಪುರಕ್ಕೆ ನಾನೊಬ್ಬಳೇ ವಾಪಸು ಬಂದೆ. ಅಷ್ಟರಲ್ಲಿ ದೊಡ್ಡವಳು ತನ್ನ ಕೆಲಸ ಮುಗಿಸಿ ಊರಿಗೆ ಹೊರಟುಹೋಗಿದ್ದಳು. ವಿಜ್ಞಾನದ ಕೋಣೆಯಲ್ಲಿ ನಾನು, ಮೈಕ್ರೋಸ್ಕೋಪು, ಗೋಡೆಯ ಮೇಲಿನ ಎಲುಬಿನ ಚಿತ್ರ. ಎರಡು ದಿನಕ್ಕೊಮ್ಮೆ ಬಸ್ಸಿನ ಕಂಡಕ್ಟರು ಒಂದು ಬೆಂಕಿಪೊಟ್ಟಣ ತಂದುಕೊಡುತ್ತಿದ್ದ. ಒಳಗೆ ಎರಡು ನೂಲು, ಒಂದೊಂದಕ್ಕೂ ಕಟ್ಟಿದ ಚೀಟಿಯಲ್ಲಿ ತಾರೀಖು. ನಾನು ಅವನ್ನು ಗಾಜಿನ ಮೇಲೆ ನೆಟ್ಟಗೆ ಮಲಗಿಸಿ ಅಳೆದು ಹಾಳೆಯಲ್ಲಿ ಬರೆಯುತ್ತಿದ್ದೆ. ಎರಡೆರಡು ಸಲ ಅಳೆಯುತ್ತಿದ್ದೆ. ಬೇರೆ ಕೆಲಸವೂ ಇರಲಿಲ್ಲ. ಚೀಟಿಯಲ್ಲಿ ತಾರೀಖಿನ ಜೊತೆ ಏನಾದರೂ ಒಂದು ಸಾಲು ಇದ್ದೀತೆಂದು ತಿರುಗಿಸಿ ನೋಡುತ್ತಿದ್ದೆ. ಒಂದೇ ಒಂದು ಸಲ ಇತ್ತು: 'ಸೊಸೆಯ ಜ್ವರ ಇಳಿಯಿತು.' ಮೂರು ದಿನ ಪೊಟ್ಟಣವೇ ಬರಲಿಲ್ಲ. ತುಂಡಾಯಿತೆಂದೇ ತಿಳಿದೆ. ಊಟ ಸೇರಲಿಲ್ಲ. ಕೊನೆಗೆ ನೋಡಿದರೆ ಮಡಕಶಿರಾದಲ್ಲಿ ಬಸ್ಸು ಕೆಟ್ಟು ನಿಂತಿತ್ತಷ್ಟೆ.

ಸ್ಕೂಲು ತೆರೆಯಲು ನಾಲ್ಕು ದಿನ ಇರುವಾಗ ಚಿಕ್ಕವಳೇ ಬಂದಳು. ಕೈಯಲ್ಲಿ ಕಡೆಯ ನೂಲು. ಬಿಸಿಲಿಗೆ ಕಪ್ಪಾಗಿದ್ದಳು. ಹುಳ ಬಾಲದವರೆಗೆ ಪೂರ್ತಿ ಬಂದಿತ್ತು. ಅದನ್ನು ಸ್ಪಿರಿಟ್ಟಿನ ಸೀಸೆಯಲ್ಲಿ ತಂದಿದ್ದಳು. ದಿನಗಳ ಅಳತೆಯನ್ನೆಲ್ಲ ಕೂಡಿ ಹುಳದ ಉದ್ದಕ್ಕೆ ಹೋಲಿಸಿದೆವು. ಅರ್ಧ ಅಂಗುಲದ ವ್ಯತ್ಯಾಸ. ಅವಳು ಹಾಳೆಗಳ ಮೇಲೆ ತಲೆಯಿಟ್ಟಳು.

ಮರುದಿನ ಮಧ್ಯಾಹ್ನ ಸ್ಟೇಷನ್ನಿಗೆ ಬಿಡಲು ಹೋದೆ. ಅಜ್ಜಿ ಮುಂದಿನ ಬೇಸಿಗೆಗೂ ಕರೆದಿದ್ದಾಳೆಂದಳು. ನನ್ನ ವಿಷಯ ಕೇಳಿದಳೇ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ರೈಲು ಅಲುಗಿದಾಗ ಅವಳು ಕಿಟಕಿಯಿಂದ ಕೈ ಚಾಚಿ, "ಹೋಯ್ತೀನಿ ಕಣಕ್ಕ, ಉಸಾರು" ಅಂದಳು. ಆ ಹಳ್ಳಿಯ ಕನ್ನಡದಲ್ಲಿ. ನಮ್ಮವ್ವ ಆಡುತ್ತಿದ್ದ ಕನ್ನಡ ಅದು. ಕಾಲೇಜಿನ ವೇದಿಕೆಗೆಂದು ನಾನು ನಾಲಿಗೆಯಿಂದ ತಿದ್ದಿ ತೆಗೆದುಹಾಕಿದ್ದದ್ದು. ಅದರಲ್ಲೇ ಉತ್ತರ ಕೊಡಲು ಬಾಯಿ ತೆರೆದೆ. ಸರಿಯಾದ ಮಾತು ಸಿಗುವಷ್ಟರಲ್ಲಿ ಕಡೆಯ ಡಬ್ಬಿಯೂ ಪ್ಲಾಟ್‌ಫಾರಂ ದಾಟಿತ್ತು.