ಶೋಶಾಮ್ಮ ಹಂಚದ ಪುಟ

ಬೆಳಗಿನ ಐದು ಗಂಟೆಗೆ ಮೂವಾಟುಪುಳದಿಂದ ಬರುವ ಪತ್ರಿಕೆಯ ಜೀಪು ನಮ್ಮ ಪೇಟೆಯಲ್ಲಿ ನಿಲ್ಲುವುದಿಲ್ಲ. ಮೂರು ರಸ್ತೆ ಕೂಡುವಲ್ಲಿ ಸ್ವಲ್ಪ ನಿಧಾನವಾಗುತ್ತದೆ, ಅಷ್ಟೆ. ಒಳಗಿಂದ ಒಂದು ಕೈ ಕಟ್ಟನ್ನು ಹೊರಕ್ಕೆ ಎಸೆಯುತ್ತದೆ. ಮುಚ್ಚಿದ ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಕಾದು ಕೂತ ಶೋಶಾಮ್ಮ ಎದ್ದು, ಕಟ್ಟಿನ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹರಿಯುತ್ತಾರೆ. ವಯಸ್ಸು ಅರವತ್ತಮೂರು. ನೈಟಿಯ ಮೇಲೆ ಸತ್ತ ಗಂಡನ ತುಂಬುತೋಳಿನ ಅಂಗಿ, ಕಾಲಿಗೆ ರಬ್ಬರ್ ತೋಟದವರು ಹಾಕುವ ಕರಿ ಬೂಟು. ಪಕ್ಕದಲ್ಲಿ ಹಳೆಯ ಸ್ಕೂಟರ್.

"ಚೇಡತ್ತೀ, ನಿಮ್ಮ ಕಟ್ಟು ದಿನದಿಂದ ದಿನಕ್ಕೆ ಸೊರಗ್ತಾ ಇದೆಯಲ್ಲ!" ಎದುರಿನ ಚಹಾದಂಗಡಿಯ ಕುಂಞುಮೋನ್ ಕೂಗುತ್ತಾನೆ. ಹಿರಿಯ ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಚೇಡತ್ತಿ ಎನ್ನುತ್ತಾರೆ.

"ಅದಕ್ಕೂ ನಿನ್ನ ಚಹಾ ಕುಡಿದು ಸಕ್ಕರೆ ಕಾಯಿಲೆ ಬಂದಿದೆ ಕಣೋ," ಎನ್ನುತ್ತಾರೆ ಶೋಶಾಮ್ಮ, ತಲೆ ಎತ್ತದೆ.

ಒಂದು ಕಾಲಕ್ಕೆ ಆರುನೂರ ಹತ್ತು ಪ್ರತಿ ಬರುತ್ತಿದ್ದ ಕಟ್ಟು ಅದು. ಇಂದು ಬರುವುದು ನೂರ ಹದಿನೆಂಟು. ಗಂಡ ಮತ್ತಾಯಿ ತೀರಿಕೊಂಡ ವರ್ಷ ಏಜೆನ್ಸಿ ಇವರ ಹೆಸರಿಗಾಯಿತು. ಅದರ ಜೊತೆಗೆ ಮತ್ತಾಯಿ ಮಾಡುತ್ತಿದ್ದ ಇನ್ನೊಂದು ಕೆಲಸವೂ, ಪತ್ರಿಕೆಯ ಗುರುತಿನ ಚೀಟಿಯೂ ಬಂತು. ನಮ್ಮ ಕಡೆ ಪತ್ರಿಕೆಯನ್ನು ಮೊದಲ ಪುಟದಿಂದ ಓದುವವರು ಕಡಿಮೆ. ನಿಧನದ ಪುಟ ಮೊದಲು; ಮಂತ್ರಿಗಳು, ಯುದ್ಧಗಳು ಆಮೇಲೆ. ಆ ಪುಟಕ್ಕೆ ಈ ಪೇಟೆಯಿಂದ ಮತ್ತು ಸುತ್ತಲಿನ ಹನ್ನೊಂದು ಊರುಗಳಿಂದ ಹೋಗುವ ಸಾವುಗಳನ್ನೆಲ್ಲ ಇಪ್ಪತ್ತೇಳು ವರ್ಷ ಬರೆದವರು ಶೋಶಾಮ್ಮ. ಮನೆಯ ಕಪಾಟಿನಲ್ಲಿ ಹಾಗೆ ಬರೆದಿಟ್ಟ ಮೂವತ್ತೊಂದು ನೋಟ್ ಬುಕ್ ಇವೆ. ಎಷ್ಟು ಜನ ಅದರಲ್ಲಿದ್ದಾರೆಂದು ಅವರು ಎಣಿಸಿಲ್ಲ. ಸತ್ತವರನ್ನು ಎಣಿಸಬಾರದೆಂದು ಅವರ ನಂಬಿಕೆ.

ಅವರ ಪದ್ಧತಿ ಬೇರೆಯೇ. ಸುದ್ದಿ ಯಾರೇ ತರಲಿ, ಪಾದ್ರಿಯೇ ಹೇಳಲಿ, ಪಂಚಾಯ್ತಿ ಸದಸ್ಯನೇ ಹೇಳಲಿ, ಶೋಶಾಮ್ಮ ಆ ಮನೆಗೆ ಹೋಗಿ ಕಣ್ಣಾರೆ ನೋಡದೆ ಒಂದಕ್ಷರ ಬರೆಯುತ್ತಿರಲಿಲ್ಲ. ದೇಹದ ತಲೆಯ ಕಡೆ ಒಂದು ಗಳಿಗೆ ಕೈಮುಗಿದು ನಿಲ್ಲುವರು. ಯಾವ ಮತದ ಮನೆಯಾದರೂ ಅಷ್ಟೆ. ಆಮೇಲೆ ಜಗಲಿಗಲ್ಲ, ಅಡುಗೆಮನೆಯ ಕಡೆಗೆ ನಡೆಯುವರು. "ಜಗಲೀಲಿ ಗಂಡಸರು ಇರ್ತಾರೆ. ಅವರು ಸತ್ತವರ ಹುದ್ದೆ ಹೇಳ್ತಾರೆ, ಜಮೀನು ಹೇಳ್ತಾರೆ. ಹೆಸರು ಬೇಕಂದ್ರೆ ಒಲೆ ಹತ್ರ ಹೋಗ್ಬೇಕು," ಎನ್ನುತ್ತಾರೆ.

ಬರೆದಾದ ಮೇಲೆ ಮನೆಯವರನ್ನೆಲ್ಲ ಕೂಡಿಸಿ ಗಟ್ಟಿಯಾಗಿ ಓದುವರು. ಮನೆತನದ ಹೆಸರು, ವಯಸ್ಸು, ಹೆಂಡತಿ ಅಥವಾ ಗಂಡ, ಮಕ್ಕಳು, ಸೊಸೆ ಅಳಿಯಂದಿರು. ಆ ಓದನ್ನು ಕೇಳಿದವರಿಗೆ ಅದು ಸುದ್ದಿಯೆಂದು ಅನಿಸುವುದಿಲ್ಲ. ಪಾರಾಯಣದಲ್ಲಿ ನಾಮಾವಳಿ ಬಂದಂತೆ ಒಂದೊಂದು ಹೆಸರಿಗೂ ಅದರ ನಿಲುಗಡೆ ಇರುತ್ತದೆ. ಕೊನೆಗೆ ಮೂರು ಸಲ ಕೇಳುವರು, "ಇನ್ನು ಯಾರಾದ್ರೂ ಇದ್ದಾರಾ?" ಮೊದಲ ಸಲ ಯಾರೂ ಮಾತಾಡುವುದಿಲ್ಲ. ಎರಡನೆಯ ಸಲ ಯಾರೋ ಕೆಮ್ಮುತ್ತಾರೆ. ಮೂರನೆಯ ಸಲಕ್ಕೆ ಮೂಲೆಯಲ್ಲಿ ಕೂತ ಒಬ್ಬ ಅತ್ತೆ ಬಾಯಿಬಿಡುತ್ತಾಳೆ: ಓಡಿಹೋದ ಮಗಳದೋ, ಪಾಲಿಗಾಗಿ ಜಗಳವಾಡಿ ದೂರವಾದ ಮಗನದೋ ಹೆಸರು ಹೊರಬರುತ್ತದೆ. ಒಮ್ಮೆ ಬಂದ ಹೆಸರನ್ನು ಬಿಡಿಸಲು ಮತ್ತೆ ಯಾರಿಂದಲೂ ಆಗುತ್ತಿರಲಿಲ್ಲ. ಹೆಣದ ಮುಂದೆ ನಿಂತು ಅವಳು ನಮ್ಮವಳಲ್ಲ ಎನ್ನುವ ಎದೆಗಾರಿಕೆ ಎಷ್ಟು ಜನರಿಗಿರುತ್ತದೆ?

ಈಗ ಕಾಲ ಬದಲಾಗಿದೆ. ಮೊಬೈಲ್ ಅಂಗಡಿಯ ಅಭಿಲಾಷ್ ನಡೆಸುವ ವಾಟ್ಸಾಪ್ ಗ್ರೂಪಿನಲ್ಲಿ ಸಾವಿರ ಚಿಲ್ಲರೆ ಜನ ಇದ್ದಾರೆ. ಉಸಿರು ನಿಂತ ಹತ್ತು ನಿಮಿಷಕ್ಕೆ ಹೂವಿನ ಚೌಕಟ್ಟಿನೊಳಗೆ ಸತ್ತವರ ಮುಖ ಬಂದುಬಿಡುತ್ತದೆ. ಕೆಳಗೆ ಮುಗಿದ ಕೈಗಳ ಚಿತ್ರ, ಸಾಲು ಸಾಲು. "ಶೋಶಾಮ್ಮ ಚೇಡತ್ತಿ ಸ್ಕೂಟರ್ ಸ್ಟಾರ್ಟ್ ಮಾಡೋ ಹೊತ್ತಿಗೆ ನಾನು ತೊಡುಪುಳದ ತನಕ ಮುಟ್ಟಿಸಿರ್ತೀನಿ," ಎಂದು ಅಭಿಲಾಷ್ ನಗುತ್ತಾನೆ. ಅವನು ಹೇಳುವುದು ಸುಳ್ಳಲ್ಲ.

ಹಾಗೆ ಮುಟ್ಟಿದ ಸುದ್ದಿಗಳಲ್ಲಿ ಪೈಲಿಯವರದೂ ಒಂದು.

ಎಂಬತ್ತನಾಲ್ಕರ ಪೈಲಿ ಮರದ ಮಿಲ್ಲಿನಲ್ಲಿ ನಲವತ್ತು ವರ್ಷ ಗರಗಸದ ಮುಂದೆ ನಿಂತವರು; ಆ ಸದ್ದಿಗೆ ಕಿವಿ ಹೋಗಿತ್ತು. ಹೋದ ವರ್ಷ ಮಳೆ ಮುಗಿದ ಮೇಲೆ ಆಸ್ಪತ್ರೆಯವರು ಇನ್ನೆರಡು ದಿನ ಎಂದು ಹೇಳಿ ಮನೆಗೆ ಕಳಿಸಿದರು. ಮಗ ಬೈಜು ಐರ್ಲೆಂಡಿನಲ್ಲಿದ್ದಾನೆ. ಅವನು ವಿಮಾನದ ಹೊತ್ತು ನೋಡಿ, ಶನಿವಾರ ಮೂರು ಗಂಟೆಗೆ ಶವಸಂಸ್ಕಾರ ಎಂದು ಅಲ್ಲಿಂದಲೇ ನಿಗದಿ ಮಾಡಿದ. ಆಮೇಲೆ ಗಡಿಬಿಡಿಯಾಗಬಾರದೆಂದು ನಿಧನದ ಕಾರ್ಡನ್ನೂ ಮೊದಲೇ ಮಾಡಿಸಿ, ಒಬ್ಬ ನೆಂಟನಿಗೆ ಕಳಿಸಿ, ಇಟ್ಟುಕೊಂಡಿರಿ ಎಂದ. ಆ ನೆಂಟ ಇಟ್ಟುಕೊಳ್ಳಲಿಲ್ಲ. ಬುಧವಾರ ಮಧ್ಯಾಹ್ನ ಅದು ಅಭಿಲಾಷನ ಗ್ರೂಪಿಗೆ ಬಂತು. ಮುನ್ನೂರ ನಲವತ್ತು ಜನ ಕೈಮುಗಿದರು.

ಕಾರ್ಡಿನಲ್ಲಿ ಮಕ್ಕಳೆಂದು ಒಂದೇ ಹೆಸರಿತ್ತು. ಮಗಳು ಲಿಸ್ಸಿ ಅದರಲ್ಲಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಅವಳು ಸುಗುಣನ್ ಎಂಬ ಬಸ್ ಕಂಡಕ್ಟರನನ್ನು ಮದುವೆಯಾಗಿದ್ದಳು, ಚರ್ಚಿನ ಹೊರಗೆ. ಕಾರ್ಡು ಫೋನಿನಿಂದ ಫೋನಿಗೆ ಹಾರುತ್ತಿದ್ದ ಆ ಮಧ್ಯಾಹ್ನ ಅಪ್ಪನ ಮಗ್ಗುಲು ಬದಲಿಸಿ, ಬೆನ್ನಿಗೆ ಪೌಡರ್ ಹಚ್ಚುತ್ತಿದ್ದವಳು ಅವಳೇ.

ಶೋಶಾಮ್ಮ ಅಂದು ಸಂಜೆ ಐದಕ್ಕೆ ಆ ಮನೆಗೆ ಹೋದರು. ಅಂಗಳದಲ್ಲಿ ಕುರ್ಚಿ ಇಲ್ಲ, ಶಾಮಿಯಾನ ಇಲ್ಲ. ಒಳಗೆ ಪೈಲಿ ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದರು. ಹೆಸರುಕಾಳಿನ ಪಲ್ಯಕ್ಕೆ ಉಪ್ಪು ಸಾಲದೆಂದು ಮಗಳ ಮೇಲೆ ರೇಗುತ್ತಿದ್ದರು.

"ನಾನು ಬಾಗಿಲಲ್ಲೇ ನಿಂತುಬಿಟ್ಟೆ," ಎನ್ನುತ್ತಾರೆ ಶೋಶಾಮ್ಮ. "ಲಿಸ್ಸಿ ಓಡಿಬಂದು ನನ್ನ ಕೈ ಹಿಡ್ಕೊಂಡ್ಲು. ಚೇಡತ್ತೀ, ಮಧ್ಯಾಹ್ನದ ಮೇಲೆ ಎದ್ದು ಕೂತಿದಾರೆ, ಹಾರ ಹಿಡ್ಕೊಂಡು ಬಂದ ಇಬ್ಬರನ್ನ ಗೇಟಿಂದಾನೇ ಕಳಿಸಿದೀನಿ. ಅಪ್ಪಚ್ಚನಿಗೆ ಗೊತ್ತಾದ್ರೆ ಇದೇ ಅವರನ್ನ ಕೊಲ್ಲುತ್ತೆ ಅಂದ್ಲು. ಕಿವಿ ಕೇಳಲ್ಲ, ಫೋನ್ ಇಲ್ಲ, ಆ ಭಯ ಇಲ್ಲ. ಆದ್ರೆ ಪೇಪರ್ ಓದ್ತಾರಲ್ಲ! ಭೂತಗನ್ನಡಿ ಹಿಡ್ಕೊಂಡು ಮೊದಲು ಓದೋದೇ ಆ ಪುಟ."

ಅಲ್ಲಿಂದಲೇ ಪತ್ರಿಕೆಯ ಕಚೇರಿಗೆ ಫೋನ್ ಮಾಡಿದರು. ಪೈಲಿಯವರದು ಬಂದರೆ ಹಾಕಬೇಡಿ, ಮನುಷ್ಯ ನನ್ನ ಕಣ್ಣೆದುರು ಗಂಜಿ ಕುಡೀತಿದಾನೆ ಎಂದರು. ಆ ಕಡೆಯ ಹುಡುಗ, "ಕುಟುಂಬದವರೇ ಮಾಡಿಸಿದ ಕಾರ್ಡು ಚೇಚೀ, ಎಲ್ಲಾ ಗ್ರೂಪಲ್ಲೂ ಇದೆ. ನೀವೊಬ್ಬರೇನಾ ಬೇರೆ ಹೇಳೋದು? ಆಯ್ತು, ನೋಡ್ತೀನಿ," ಎಂದ.

ಅವನು ನೋಡಲಿಲ್ಲ. ಗುರುವಾರ ಬೆಳಿಗ್ಗೆ ಕಟ್ಟು ಬಿಚ್ಚಿದಾಗ ಒಂಬತ್ತನೇ ಪುಟದ ಬಲಗಡೆ ಪೈಲಿ ನಗುತ್ತಿದ್ದರು.

ಅವರೊಬ್ಬರ ಪ್ರತಿಯನ್ನು ಹಿಡಿದಿಟ್ಟರೆ ಸಾಲದು. ಅವರ ಬೀದಿಯ, ಸುತ್ತುಮುತ್ತಲಿನ, ಫೋನ್ ನೋಡದ ಮುದುಕರೆಲ್ಲ ಏಳು ಗಂಟೆಗೆ ತಮ್ಮ ತಮ್ಮ ಪೇಪರ್ ಕಂಕುಳಲ್ಲಿಟ್ಟುಕೊಂಡು ಒಬ್ಬರ ಜಗಲಿಗೆ ಇನ್ನೊಬ್ಬರು ಹೋಗುವವರು. ಪೈಲಿ ಎದ್ದು ಕೂತಿದ್ದಾನೆಂದು ತಿಳಿದರೆ ಆ ಪುಟವನ್ನೇ ಎದುರಿಗೆ ಹಿಡಿದು, ನೋಡೋ ನಿನ್ನ ಪವಾಡ ಎಂದು ನಗುವವರು. ಶೋಶಾಮ್ಮ ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಕೂತು ನೂರ ಹದಿನೆಂಟು ಪ್ರತಿಗಳಿಂದಲೂ ನಡುವಿನ ಹಾಳೆಯನ್ನು ಎಳೆದು ತೆಗೆದರು. ಇಪ್ಪತ್ತೈದು ನಿಮಿಷ ಹಿಡಿಯಿತು. ಆ ಹಾಳೆಗಳನ್ನು ಗೋಣಿಚೀಲಕ್ಕೆ ತುಂಬಿ, ಉಳಿದದ್ದನ್ನು ಹಂಚಲು ಹೊರಟರು.

ಒಂಬತ್ತು ಗಂಟೆಯೊಳಗೆ ಗ್ರೂಪಿನಲ್ಲಿ ಗದ್ದಲ ಶುರುವಾಯಿತು. ಸಂಪಾದಕೀಯ ಹೋಗಿದ್ದಕ್ಕೆ ಯಾರೂ ಕೇಳಲಿಲ್ಲ. ಎಂಟನೇ ಪುಟದ ರಬ್ಬರ್ ಧಾರಣೆ ಎಲ್ಲಿ, ನಿಧನದ ಪುಟ ಎಲ್ಲಿ ಎಂದು ಕೇಳಿದರು. ಹಾಳೆ ಕದಿಯುವ ಏಜೆಂಟ್ ಎಂದು ಯಾರೋ ಅವರ ಸ್ಕೂಟರಿನ ಫೋಟೊ ಹಾಕಿದರು. ಕಾರಣ ಹೇಳಿದರೆ ಪೈಲಿಯ ಬೀದಿಗೆ ಸುದ್ದಿ ಹೋಗುತ್ತದೆಂದು ಶೋಶಾಮ್ಮ ಬಾಯಿ ಬಿಡಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಗೋಣಿಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪತ್ರಿಕೆಯ ಕಚೇರಿಗೆ ಹೋಗಿ, ಹಾಳೆಗಳನ್ನು ಮೇಜಿನ ಮೇಲಿಟ್ಟು, ತೆಗೆದದ್ದು ನಾನೇ ಎಂದರು. ಅವರ ವಿರುದ್ಧ ಇದ್ದ ಸಾಕ್ಷಿ ಅದೊಂದೇ. ಅದನ್ನೂ ಅವರೇ ಹೊತ್ತುಕೊಂಡು ಹೋಗಿ ಕೊಟ್ಟರು.

ತಪ್ಪು ಸುದ್ದಿ ಹಾಕಿದವನಿಗೆ ಏನೂ ಆಗಲಿಲ್ಲ. ಶೋಶಾಮ್ಮನಿಂದ ವರದಿಗಾರ್ತಿಯ ಗುರುತಿನ ಚೀಟಿಯನ್ನು ವಾಪಸ್ ಪಡೆದರು. ಪೇಪರ್ ಹಂಚುವುದನ್ನು ಮಾತ್ರ ಬಿಡಿಸಲಿಲ್ಲ, ಈ ನೂರ ಹದಿನೆಂಟಕ್ಕಾಗಿ ನಾಲ್ಕೂವರೆಗೆ ಏಳುವವರು ಬೇರೆ ಯಾರಿದ್ದಾರೆ? ನಿಧನ ವಾರ್ತೆಗೆ ಈಗ ಇಂಟರ್ನೆಟ್ಟಿನಲ್ಲಿ ಒಂದು ಫಾರಂ ಇದೆ, ಮನೆಯವರೇ ತುಂಬಬೇಕು. ಅದು ಯಾರ ಮನೆಗೂ ಹೋಗುವುದಿಲ್ಲ, ಇನ್ನು ಯಾರಾದರೂ ಇದ್ದಾರೆಯೇ ಎಂದು ಕೇಳುವುದಿಲ್ಲ.

ಪೈಲಿ ಅದಾದ ಮೇಲೆ ನಲವತ್ತಮೂರು ದಿನ ಬದುಕಿದರು. ಬೈಜು ಮುಖ ತೋರಿಸಲಾಗದೆ ವಿಮಾನದ ಟಿಕೆಟ್ ರದ್ದು ಮಾಡಿದ್ದ. ನಿಜವಾದ ಸಾವಿಗೂ ಬರಲಿಲ್ಲ, ರಜೆ ಸಿಗಲಿಲ್ಲವಂತೆ. ಶವಸಂಸ್ಕಾರಕ್ಕೆ ಬಂದವರು ನಲವತ್ತು ಜನ ಇರಬಹುದು. ಆವತ್ತೇ ಕೈಮುಗಿದಾಗಿತ್ತಲ್ಲ ಎಂದುಕೊಂಡರೋ ಏನೋ. ಅಂದು ಶೋಶಾಮ್ಮ ಎಂದಿನಂತೆ ಹೋಗಿ, ನೋಡಿ, ಬರೆದು, ಗಟ್ಟಿಯಾಗಿ ಓದಿದರು. ಮಕ್ಕಳು: ಬೈಜು, ಲಿಸ್ಸಿ. ಅಳಿಯ: ಸುಗುಣನ್. ಯಾರೂ ಕೆಮ್ಮಲಿಲ್ಲ. ಲಿಸ್ಸಿಯ ಕೈಯಲ್ಲಿ ಫಾರಂ ತುಂಬಿಸಿದರು. ಮರುದಿನ ಉತ್ತರ ಬಂತು: ಈ ವ್ಯಕ್ತಿಯ ನಿಧನ ವಾರ್ತೆ ಈಗಾಗಲೇ ಪ್ರಕಟವಾಗಿದೆ. ತಿದ್ದುಪಡಿ ಕೊಡಿಸೆಂದು ಲಿಸ್ಸಿ ಅಣ್ಣನಿಗೆ ಫೋನ್ ಮಾಡಿದಳು. "ಒಂದ್ಸಲ ಆಗಿದ್ದೇ ಸಾಕು, ಮತ್ತೆ ಹಾಕಿ ಊರವರ ಕೈಲಿ ನಗಿಸ್ಕೋಬೇಡ," ಎಂದನಂತೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಪೈಲಿ ಇವತ್ತಿಗೂ ನಲವತ್ತಮೂರು ದಿನ ಮೊದಲೇ ಸತ್ತಿದ್ದಾರೆ. ಅವರಿಗೆ ಮಗಳಿಲ್ಲ.

ಈಗಲೂ ಶೋಶಾಮ್ಮ ಪೇಪರ್ ಹಂಚುವ ದಾರಿಯಲ್ಲಿ ಸಾವಿನ ಮನೆ ಕಂಡರೆ ಸ್ಕೂಟರ್ ನಿಲ್ಲಿಸುತ್ತಾರೆ. ಮೂವತ್ತೆರಡನೆಯ ನೋಟ್ ಬುಕ್ಕು ಅರ್ಧ ತುಂಬಿದೆ. ಅಚ್ಚಾಗದ್ದನ್ನು ಏಕೆ ಬರೆಯುತ್ತೀರಿ ಎಂದರೆ, "ಓದಿದಾಗ ಮನೆಯವರು ಕೇಳ್ತಾರಲ್ಲ, ಅಷ್ಟು ಸಾಕು," ಎನ್ನುತ್ತಾರೆ. ನಾಳೆ ನಿಮ್ಮದನ್ನು ಯಾರು ಬರೆಯುತ್ತಾರೆ ಎಂದರೆ, "ಯಾರೋ ಫಾರಂ ತುಂಬ್ತಾರೆ ಬಿಡಿ," ಎಂದು ಮುಖ ತಿರುಗಿಸುತ್ತಾರೆ.

ಆ ಗುರುವಾರದ ಬಗ್ಗೆ ಅವರು ಹೆಚ್ಚು ಮಾತಾಡುವವರಲ್ಲ. ಚೀಟಿ ಹೋಯಿತು, ಹೆಸರು ಕೆಟ್ಟಿತು, ಮಾಡಿದ್ದಕ್ಕೆ ಏನು ಸಿಕ್ಕಿತು ಎಂದು ಕೇಳಿದಾಗ ಮಾತ್ರ ಬೂಟಿನ ಕೆಸರು ಕೆರೆಯುವುದನ್ನು ನಿಲ್ಲಿಸಿ ಹೇಳುತ್ತಾರೆ:

"ಆವತ್ತು ಪೈಲಿ ಅಪ್ಪಚ್ಚನ ಮನೆಗೆ ನಾನೇ ಪೇಪರ್ ಕೊಟ್ಟು, ಗೇಟಿನ ಹತ್ರ ನಿಂತ್ಕೊಂಡೆ. ಹಿಂದೆ ಮುಂದೆ ತಿರುವಿ ನೋಡಿದ್ರು. ಆಮೇಲೆ ಕಿಟಕಿಯಿಂದ ಕೂಗಿದ್ರು. ಏನೇ ಶೋಶಾಮ್ಮಾ, ಸತ್ತವರ ಪುಟ ಎಲ್ಲೇ? ಕಡಲೆಕಾಯಿ ಕಟ್ಟೋಕೆ ಮಾರ್ಕೊಂಡ್ಯಾ? ನಾನು, ಇವತ್ತು ಯಾರೂ ಸತ್ತಿಲ್ಲ ಅಪ್ಪಚ್ಚಾ ಅಂತ ಕೈಸನ್ನೆ ಮಾಡಿದೆ. ಯಾರೂ ಸಾಯದ ದಿನ ಇದೆಯೇನೇ, ಕಳ್ಳೀ, ನಾಳೆಯಿಂದ ನಿನ್ನ ಪೇಪರ್ ನಂಗೆ ಬೇಡ ಅಂತ ಇಡೀ ಬೀದಿಗೆ ಕೇಳೋ ಹಾಗೆ ಬೈದ್ರು. ನನ್ನ ಅಮ್ಮನ್ನೂ ಸೇರಿಸಿ ಬೈದ್ರು. ನಾನು ಸ್ಕೂಟರ್ ಆಫ್ ಮಾಡಿ, ಅವರು ಸುಸ್ತಾಗೋ ತನಕ ನಿಂತು ಎಲ್ಲಾ ಕೇಳಿಸ್ಕೊಂಡೆ."